ಸಂಧಿಯೋ, ಸಮರವೋ? ತಿಕೋಟಾದ ಹಾದಿಯಲ್ಲಿ ಆದಿಲ್‌ಶಾಹಿ ವಿದೇಶಾಂಗ ನೀತಿಯ ಪಾಠ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಅಥಣಿಯತ್ತ ಸಾಗುವ ರಸ್ತೆಯಲ್ಲಿ ಮೊದಲು ಎದುರಾಗುವುದು ತೊರವಿ. ಅಲ್ಲಿಂದ ಮುಂದುವರಿದು, ನಗರದಿಂದ ಸುಮಾರು 20 ಕಿ.ಮೀ. ದೂರ ಕ್ರಮಿಸಿದರೆ ತಿಕೋಟಾ ಸಿಗುತ್ತದೆ. ಇಂದು ಅದು ತಾಲ್ಲೂಕು ಕೇಂದ್ರ. ಸುತ್ತಮುತ್ತ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ತಯಾರಿಸುವ ಶೆಡ್‌ಗಳು, ಸಂತೆಗೆ ಬಂದುಹೋಗುವ ಜನ. ದಿನವೂ ಈ ದಾರಿಯಲ್ಲಿ ಓಡಾಡುವವರಲ್ಲಿ ಬಹುತೇಕರಿಗೆ 1679ರ ನವೆಂಬರ್ ತಿಂಗಳಲ್ಲಿ ಇದೇ ದಾರಿಯಲ್ಲಿ ಏನಾಯಿತೆಂಬುದು ತಿಳಿದಿರಲಿಕ್ಕಿಲ್ಲ.

ಆ ತಿಂಗಳ 14ರಂದು ಮೊಘಲ್ ಸೇನಾನಿ ದಿಲೇರ್ ಖಾನ್ ಬಿಜಾಪುರ ಕೋಟೆಯ ಮುತ್ತಿಗೆಯನ್ನು ಕೈಬಿಟ್ಟು ಪಶ್ಚಿಮಕ್ಕೆ ತಿರುಗಿದ. ಕೋಟೆಯನ್ನು ಗೆಲ್ಲಲಾಗದ ಸೇನೆ ಹಳ್ಳಿಗಳ ಮೇಲೆ ಬಿದ್ದಿತು. ತಿಕೋಟಾ ಆಗ ಸಿರಿವಂತ ಊರು. ಆ ದಿಕ್ಕಿನಲ್ಲಿ ಶತ್ರು ಬರುವನೆಂದು ಯಾರೂ ಎಣಿಸಿರದಿದ್ದ ಕಾರಣ ಜನರು ಮನೆಮಠಗಳನ್ನು ಬಿಟ್ಟು ಹೋಗಿರಲಿಲ್ಲ. ಒಡವೆ ವಸ್ತುಗಳನ್ನೂ ಸಾಗಿಸಿರಲಿಲ್ಲ. ಹಿಂದೂ ಮುಸ್ಲಿಂ ಭೇದವಿಲ್ಲದೆ ಹೆಂಗಸರು ಮಕ್ಕಳೊಡನೆ ಮನೆಯ ಬಾವಿಗಳಿಗೆ ಹಾರಿ ಪ್ರಾಣ ಬಿಟ್ಟರು. ಎರಡೂ ಸಮುದಾಯಗಳಿಗೆ ಸೇರಿದ ಸುಮಾರು 3,000 ಜನ ಸೆರೆಯಾದರು. ಔರಂಗಜೇಬನ ಇತಿಹಾಸವನ್ನು ಬರೆದ ಜದುನಾಥ ಸರ್ಕಾರ್ ಅವರು ಈ ಘಟನೆಯನ್ನು ದಾಖಲಿಸಿದ್ದಾರೆ.

ಈ ದುರಂತಕ್ಕೆ ನಾಲ್ಕೂವರೆ ತಿಂಗಳು ಮುಂಚೆ, ಅದೇ ಯುದ್ಧವನ್ನು ತಪ್ಪಿಸಲೆಂದು, ಬಿಜಾಪುರದ ರಾಜಕುಮಾರಿಯೊಬ್ಬಳು ಕೋಟೆಯಿಂದ ಹೊರಟು ಮೊಘಲ್ ಶಿಬಿರವನ್ನು ಸೇರಿದ್ದಳು. ಸಂಧಿಯ ಬೆಲೆಯನ್ನು ತೆತ್ತ ಮೇಲೂ ಸಮರ ಬಂದಿತು. ಹಾಗಾದರೆ ಸಂಧಿ ವ್ಯರ್ಥವೇ? ಬಲಪ್ರಯೋಗವೊಂದೇ ರಾಜ್ಯವನ್ನು ಉಳಿಸುವ ಸಾಧನವೇ? ವಿದೇಶಾಂಗ ನೀತಿಯ ಚರ್ಚೆ ನಡೆದಾಗಲೆಲ್ಲ ಕೇಳಿಬರುವ ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜಯಪುರಕ್ಕಿಂತ ತಕ್ಕ ಸ್ಥಳ ಅಪರೂಪ. ಸುಮಾರು ಎರಡು ಶತಮಾನಗಳ ಕಾಲ ಈ ನಗರ ವಿಜಯನಗರ, ಅಹಮದ್‌ನಗರ, ಗೋಲ್ಕೊಂಡ, ಪೋರ್ಚುಗೀಸರು, ಮರಾಠರು ಹಾಗೂ ಮೊಘಲರೊಡನೆ ಕೆಲವೊಮ್ಮೆ ಮಾತಿನಿಂದ, ಕೆಲವೊಮ್ಮೆ ಕತ್ತಿಯಿಂದ ವ್ಯವಹರಿಸಿತು.

ಸಾಮ, ದಾನ, ಭೇದ, ದಂಡ

ನೆರೆರಾಜ್ಯದೊಡನೆ ವ್ಯವಹರಿಸುವ ಉಪಾಯಗಳನ್ನು ಭಾರತೀಯ ರಾಜನೀತಿ ಬಹು ಹಿಂದೆಯೇ ನಾಲ್ಕಾಗಿ ವಿಂಗಡಿಸಿದೆ. ಒಳ್ಳೆಯ ಮಾತಿನಿಂದ ಒಲಿಸುವುದು ಸಾಮ. ಹಣ, ಭೂಮಿ ಅಥವಾ ಉಡುಗೊರೆ ಕೊಟ್ಟು ತಣಿಸುವುದು ದಾನ. ಎದುರಾಳಿಯ ಪಾಳಯದಲ್ಲಿ ಒಡಕು ಮೂಡಿಸುವುದು ಭೇದ. ಕೊನೆಯದಾಗಿ ಸೇನೆಯನ್ನು ಬಳಸುವುದು ದಂಡ. ಕೌಟಿಲ್ಯನ ಅರ್ಥಶಾಸ್ತ್ರವು ಸಂಧಿ ಮತ್ತು ವಿಗ್ರಹಗಳೆರಡರಿಂದಲೂ ಸಮಾನ ಲಾಭ ಬರುವಂತಿದ್ದರೆ ಸಂಧಿಯನ್ನೇ ಆರಿಸಿಕೊಳ್ಳಬೇಕೆಂದು ಸಲಹೆ ನೀಡುತ್ತದೆ. ಅದಕ್ಕೆ ಅದು ಕೊಡುವ ಕಾರಣ ನೀತಿಬೋಧೆಯದಲ್ಲ, ಲೆಕ್ಕಾಚಾರದ್ದು: ಯುದ್ಧದಲ್ಲಿ ಜನಹಾನಿ, ಧನವ್ಯಯ, ಸ್ವದೇಶದಿಂದ ದೂರವಿರಬೇಕಾದ ಕಷ್ಟಗಳು ತಪ್ಪಿದ್ದಲ್ಲ.

ದಖ್ಖನದ ಆಸ್ಥಾನಗಳು ಈ ಉಪಾಯಗಳನ್ನು ತಮ್ಮದೇ ವ್ಯವಸ್ಥೆಯ ಮೂಲಕ ನಡೆಸುತ್ತಿದ್ದವು. ಒಂದು ಆಸ್ಥಾನದ ಪ್ರತಿನಿಧಿ ಇನ್ನೊಂದು ಆಸ್ಥಾನದಲ್ಲಿ ನೆಲೆಸಿ ಸುದ್ದಿ ಸಂಗ್ರಹಿಸುವುದು, ಪತ್ರ ತಲುಪಿಸುವುದು, ಸಂಧಾನ ನಡೆಸುವುದು ರೂಢಿಯಲ್ಲಿತ್ತು. ಅಂಥವನನ್ನು ಹಾಜಿಬ್ ಎಂದು ಕರೆಯುತ್ತಿದ್ದರು. ಇಂದಿನ ರಾಯಭಾರಿಯ ಕೆಲಸಕ್ಕೂ ಹಾಜಿಬನ ಕೆಲಸಕ್ಕೂ ಸಾಮ್ಯ ಬಹಳ. ಗೌರವದ ಉಡುಪಾದ ಖಿಲ್ಲತ್ತು, ಕಾಣಿಕೆಯಾದ ಪೇಶ್ಕಶ್, ರಾಜಮನೆತನಗಳ ನಡುವಿನ ವಿವಾಹ ಇವೆಲ್ಲವೂ ರಾಜತಂತ್ರದ ಭಾಷೆಯ ಪದಗಳೇ ಆಗಿದ್ದವು.

ಮದುವೆಯಿಂದ ಯುದ್ಧಕ್ಕೆ

ರಾಜತಂತ್ರವೆಂದರೆ ಶಾಂತಿ ಎಂಬ ಸರಳ ತಿಳಿವಳಿಕೆ ಬಿಜಾಪುರದ ಮಟ್ಟಿಗೆ ಸಲ್ಲದು. ಮೊದಲನೆಯ ಅಲಿ ಆದಿಲ್‌ಶಾಹನ ಕಾಲವೇ ಇದಕ್ಕೆ ಸಾಕ್ಷಿ. 1558ರಲ್ಲಿ ಪಟ್ಟಕ್ಕೆ ಬಂದ ಈತ ಅಹಮದ್‌ನಗರದ ವಿರುದ್ಧ ನೆರವು ಬೇಡಿ ವಿಜಯನಗರದ ಸ್ನೇಹ ಬೆಳೆಸಿದ. ರಾಮರಾಯನ ಮಗ ತೀರಿಕೊಂಡಾಗ ಸ್ವತಃ ವಿಜಯನಗರಕ್ಕೆ ಹೋಗಿ ಸಂತಾಪ ಸೂಚಿಸಿದನೆಂದು, ಮುಂದೆ ಬಿಜಾಪುರದಲ್ಲಿಯೇ ನೆಲೆಸಿ ಇತಿಹಾಸ ಬರೆದ ಫೆರಿಷ್ತಾ ತಿಳಿಸುತ್ತಾನೆ. ಆದರೆ ಹಿಂದಿರುಗುವಾಗ ರಾಮರಾಯ ತನ್ನನ್ನು ಬೀಳ್ಕೊಡಲು ಹೊರಗೆ ಬರಲಿಲ್ಲವೆಂಬ ನೋವು ಸುಲ್ತಾನನ ಮನಸ್ಸಿನಲ್ಲಿ ಉಳಿಯಿತೆಂಬುದೂ ಅದೇ ಬರಹದಲ್ಲಿದೆ. ರಾಜತಂತ್ರದಲ್ಲಿ ಶಿಷ್ಟಾಚಾರಕ್ಕೆ ಎಷ್ಟು ತೂಕವಿದೆ ಎಂಬುದಕ್ಕೆ ಇದು ಹಳೆಯ ನಿದರ್ಶನ.

ಕೆಲವೇ ವರ್ಷಗಳಲ್ಲಿ ಸಮೀಕರಣ ಬದಲಾಯಿತು. ಅಲಿಯು ಅಹಮದ್‌ನಗರದ ಹುಸೇನ್ ನಿಜಾಮ್‌ಶಾಹನ ಮಗಳು ಚಾಂದ್ ಬೀಬಿಯನ್ನು ವರಿಸಿದ. ಅಲಿಯ ತಂಗಿಯನ್ನು ಹುಸೇನನ ಮಗನಿಗೆ ಕೊಡಲಾಯಿತು. ಎರಡು ರಾಜ್ಯಗಳ ನಡುವಿನ ಹಳೆಯ ವ್ಯಾಜ್ಯದ ವಸ್ತುವಾಗಿದ್ದ ಸೊಲ್ಲಾಪುರ ಕೋಟೆ ವಧುವಿನ ಬಳುವಳಿಯಾಗಿ ಬಿಜಾಪುರಕ್ಕೆ ಬಂದಿತು. ದಶಕಗಳ ಕದನ ಮುಗಿಸಿದ ಈ ಮದುವೆಗಳೇ 1565ರ ಜನವರಿ 23ರ ರಕ್ಕಸತಂಗಡಿ ಕಾಳಗಕ್ಕೆ ಬೇಕಾದ ಮೈತ್ರಿಕೂಟವನ್ನೂ ಕಟ್ಟಿಕೊಟ್ಟವು. ಒಂದು ಗಡಿಯಲ್ಲಿ ಸಂಧಿ, ಇನ್ನೊಂದು ಗಡಿಯಲ್ಲಿ ಸಮರಕ್ಕೆ ದಾರಿ. ಸಂಧಿಯನ್ನು ಯಾವ ಉದ್ದೇಶಕ್ಕೆ ಬಳಸಲಾಗುತ್ತಿದೆ ಎಂಬುದನ್ನು ನೋಡದೆ ಅದನ್ನು ಹೊಗಳುವುದು ಅರ್ಧ ಸತ್ಯವನ್ನಷ್ಟೇ ಹೇಳಿದಂತೆ.

ಗೆಲುವಿನ ಉತ್ಸಾಹ ಮುಂದಿನ ತಪ್ಪಿಗೆ ಕಾರಣವಾಯಿತು. 1510ರಲ್ಲಿ ಪೋರ್ಚುಗೀಸರ ಪಾಲಾಗಿದ್ದ ಗೋವೆಯನ್ನು ಮರಳಿ ಪಡೆಯಲು ಅಲಿ 1570ರಲ್ಲಿ ಅಹಮದ್‌ನಗರದೊಡನೆ ಸೇರಿ ಭಾರಿ ದಾಳಿ ನಡೆಸಿದ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ದ್ವೀಪ ಕೈಗೆ ಸಿಗಲಿಲ್ಲ. ಬಿಜಾಪುರದ ಬಳಿ ಕುದುರೆ, ಕಾಲಾಳು, ಫಿರಂಗಿ ಎಲ್ಲವೂ ಇದ್ದವು. ಕಡಲನ್ನು ಕಾಯುವ ನೌಕಾಬಲ ಮಾತ್ರ ಇರಲಿಲ್ಲ. 1571ರಲ್ಲಿ ಒಪ್ಪಂದವಾಯಿತು. ಅಲ್ಲಿಂದ ಮುಂದೆ ದಾಭೋಳದಂಥ ಬಂದರುಗಳಿಂದ ಹೊರಡುವ ಹಡಗುಗಳು, ಹಜ್ ಯಾತ್ರೆಯ ಹಡಗುಗಳೂ ಸೇರಿದಂತೆ, ಪೋರ್ಚುಗೀಸರ ಕಾರ್ತಾಜ್ ಎಂಬ ಪರವಾನಗಿ ಪತ್ರವನ್ನು ಪಡೆದು ಸಾಗುವ ವ್ಯವಸ್ಥೆ ಮುಂದುವರಿಯಿತು. ಅಭಿಮಾನಕ್ಕೆ ಅದು ಕಹಿಯಾದರೂ ಕುದುರೆಗಳ ಆಮದು ಮತ್ತು ಕಡಲ ವ್ಯಾಪಾರ ನಿಲ್ಲಲಿಲ್ಲ.

ತೊರವಿಯ ಪಾಳುಗೋಡೆಗಳು

ಎರಡನೆಯ ಇಬ್ರಾಹಿಂ ಆದಿಲ್‌ಶಾಹ (1580-1627) ಸಂಗೀತ, ಚಿತ್ರಕಲೆಗಳಿಗೆ ಹೆಸರಾದವನು. ಉತ್ತರದಿಂದ ಅಕ್ಬರನ ಸೇನೆ ದಖ್ಖನಿಗೆ ಕಾಲಿಟ್ಟದ್ದು ಆತನ ಕಾಲದಲ್ಲಿಯೇ. 1600ರಲ್ಲಿ ಅಹಮದ್‌ನಗರ ಕೋಟೆ ಮೊಘಲರ ವಶವಾದಾಗ ಬಿಜಾಪುರಕ್ಕೆ ಎಚ್ಚರಿಕೆಯ ಗಂಟೆ ಕೇಳಿಸಿತು. ಇಬ್ರಾಹಿಂ ನೇರ ಯುದ್ಧಕ್ಕೆ ಇಳಿಯಲಿಲ್ಲ. ಮೊಘಲ್ ರಾಯಭಾರಿಗಳನ್ನು ಆದರಿಸಿದ. ಉತ್ತರ ಕೊಡುವುದನ್ನು ಮುಂದೂಡುತ್ತ ಕಾಲ ಕಳೆದ. ಕೊನೆಗೆ ಅಕ್ಬರ್ ಅಸದ್ ಬೇಗನೆಂಬ ಇನ್ನೊಬ್ಬ ದೂತನನ್ನು ಕಳಿಸಿ, ಕೆಲಸ ಮುಗಿಸಿ ಬರುವಂತೆ ಆಜ್ಞಾಪಿಸಬೇಕಾಯಿತು. ಈತ ಬರೆದಿಟ್ಟ ವೃತ್ತಾಂತವು ಅಂದಿನ ಬಿಜಾಪುರದ ವೈಭವವನ್ನು ವರ್ಣಿಸುವ ಪ್ರಮುಖ ಆಧಾರವಾಗಿದೆ. ಹಿಂದಿರುಗುವಾಗ ಆತ ಬಿಜಾಪುರದಿಂದ ತಂಬಾಕನ್ನು ಒಯ್ದು ಅಕ್ಬರನಿಗೆ ಒಪ್ಪಿಸಿದನೆಂಬುದೂ ಅದರಲ್ಲಿದೆ.

1604ರಲ್ಲಿ ಇಬ್ರಾಹಿಮನ ಮಗಳ ವಿವಾಹ ಅಕ್ಬರನ ಮಗ ದಾನಿಯಾಲನೊಡನೆ ನೆರವೇರಿತು. ಮರುವರ್ಷವೇ ದಾನಿಯಾಲನೂ, ಬಳಿಕ ಅಕ್ಬರನೂ ತೀರಿಕೊಂಡರು. ವ್ಯಕ್ತಿಗಳ ಮೇಲೆ ನಿಂತ ಸಂಬಂಧ ವ್ಯಕ್ತಿಗಳೊಡನೆಯೇ ಕೊನೆಗೊಂಡಿತು.

ತಪ್ಪು ಮೈತ್ರಿಯ ಬೆಲೆ ಎಷ್ಟೆಂಬುದನ್ನು 1624 ತೋರಿಸಿಕೊಟ್ಟಿತು. ಅಹಮದ್‌ನಗರದ ಪ್ರಬಲ ಮಂತ್ರಿ ಮಲಿಕ್ ಅಂಬರನ ವಿರುದ್ಧ ಬಿಜಾಪುರ ಮೊಘಲರ ಪಕ್ಷ ಸೇರಿತು. ತನ್ನ ಉತ್ತಮ ಪಡೆಯನ್ನು ಅವರ ನೆರವಿಗೆ ಕಳಿಸಿತು. ಭಾತವಡಿ ಎಂಬಲ್ಲಿ ಅಂಬರ್ ಆ ಸಂಯುಕ್ತ ಸೇನೆಯನ್ನು ಸೋಲಿಸಿದ. ಬಳಿಕ ನೇರವಾಗಿ ಬಿಜಾಪುರಕ್ಕೆ ಬಂದು, ಇಬ್ರಾಹಿಂ 1599ರಲ್ಲಿ ತೊರವಿಯ ಬಳಿ ಕಟ್ಟಿಸಲಾರಂಭಿಸಿದ್ದ ನವರಸಪುರವನ್ನು ಸುಟ್ಟು ಹಾಳುಗೆಡವಿದ. ತಿಕೋಟಾ ರಸ್ತೆಯ ಪಕ್ಕದ ಪಾಳುಗೋಡೆಗಳು ಕೇವಲ ಕಾಲದ ಹೊಡೆತದಿಂದ ಬಿದ್ದವಲ್ಲ. ದೂರದ ಬಲಶಾಲಿಯನ್ನು ನಂಬಿ ಹತ್ತಿರದ ನೆರೆಯವನನ್ನು ಕೆಣಕಿದ ನೀತಿಯ ಫಲವೂ ಅಲ್ಲಿದೆ.

20 ಲಕ್ಷ ರೂಪಾಯಿಯ ಶಾಂತಿ

ಬಿಜಾಪುರದ ರಾಜತಂತ್ರದ ಅತ್ಯಂತ ಯಶಸ್ವಿ ಅಧ್ಯಾಯವೆಂದರೆ 1636ರ ಒಪ್ಪಂದ. ಅದಕ್ಕೂ ಮೊದಲು, 1631ರಲ್ಲಿ, ಷಹಜಹಾನನ ಸೇನಾಪತಿ ಆಸಫ್ ಖಾನ್ ನಗರಕ್ಕೆ ಮುತ್ತಿಗೆ ಹಾಕಿದ್ದ. ಅದು ದಖ್ಖನನ್ನು ಆವರಿಸಿದ್ದ ಭೀಕರ ಬರಗಾಲದ ಸಮಯ. ಸೇನೆಗೆ ಅನ್ನ, ಕುದುರೆಗೆ ಮೇವು ಸಿಗದೆ ಕೆಲವೇ ವಾರಗಳಲ್ಲಿ ಆತ ಹಿಂದೆ ಸರಿಯಬೇಕಾಯಿತು. 1636ರಲ್ಲಿ ಷಹಜಹಾನ್ ಸ್ವತಃ ದಖ್ಖನಿಗೆ ಬಂದು ಮೂರು ದಿಕ್ಕುಗಳಿಂದ ಸೇನೆಗಳನ್ನು ನುಗ್ಗಿಸಿದ. ಹಳ್ಳಿಗಳು ಉರಿದವು, ಆದರೂ ರಾಜಧಾನಿ ಬಗ್ಗಲಿಲ್ಲ. ಎರಡೂ ಪಕ್ಷಗಳು ದಣಿದ ಆ ಹೊತ್ತಿನಲ್ಲಿ, ಮೇ ತಿಂಗಳಲ್ಲಿ, ಒಪ್ಪಂದ ಕುದುರಿತು.

ಒಪ್ಪಂದದಂತೆ ಸುಲ್ತಾನ ಮುಹಮ್ಮದ್ ಆದಿಲ್‌ಶಾಹ ಮೊಘಲ್ ಚಕ್ರವರ್ತಿಯ ಮೇಲಧಿಕಾರವನ್ನು ಒಪ್ಪಿಕೊಂಡು 20 ಲಕ್ಷ ರೂಪಾಯಿಗಳನ್ನು ಕಾಣಿಕೆಯಾಗಿ ಕೊಡಬೇಕು. ಅಳಿದುಹೋಗುತ್ತಿದ್ದ ಅಹಮದ್‌ನಗರ ರಾಜ್ಯದ ಭೂಭಾಗವನ್ನು ಇಬ್ಬರೂ ಹಂಚಿಕೊಳ್ಳಬೇಕು. ಬಿಜಾಪುರದ ಪಾಲಿಗೆ ಸೊಲ್ಲಾಪುರ, ಪರಾಂಡ, ಪುಣೆ, ಚಾಕಣ ಸೀಮೆಗಳು ಸೇರಿ 50 ಪರಗಣೆಗಳು ಬಂದವು. ಅವುಗಳ ವಾರ್ಷಿಕ ಉತ್ಪನ್ನ 20 ಲಕ್ಷ ಹೊನ್ನು, ಅಂದರೆ ಸುಮಾರು 80 ಲಕ್ಷ ರೂಪಾಯಿ. ಒಬ್ಬರ ಅಧಿಕಾರಿಗಳನ್ನು ಇನ್ನೊಬ್ಬರು ಆಮಿಷವೊಡ್ಡಿ ಸೆಳೆಯಬಾರದೆಂಬ ಷರತ್ತೂ ಇತ್ತು. ದಾನಕ್ಕೆ ಪ್ರತಿಯಾಗಿ ಭೂಮಿ, ಭೇದಕ್ಕೆ ಕಡಿವಾಣ.

ಲೆಕ್ಕ ಹಾಕಿದರೆ ಬಿಜಾಪುರ ಒಮ್ಮೆ ಕೊಟ್ಟದ್ದಕ್ಕಿಂತ ಪ್ರತಿವರ್ಷ ಪಡೆಯಬಹುದಾಗಿದ್ದ ಆದಾಯವೇ ನಾಲ್ಕು ಪಟ್ಟು. ಕಳೆದುಕೊಂಡದ್ದು ಸಮಾನತೆಯ ಗೌರವವನ್ನು. ಮುಂದಿನ 20 ವರ್ಷಗಳ ಕಾಲ ಉತ್ತರದ ಗಡಿ ಶಾಂತವಾಗಿತ್ತು. 1651ರಲ್ಲಿ ನಗರಕ್ಕೆ ನೀರುಣಿಸುವ ಬೇಗಂ ತಾಲಾಬ್ ನಿರ್ಮಾಣವಾಯಿತು. 1656ರ ಹೊತ್ತಿಗೆ ಗೋಳಗುಮ್ಮಟ ತಲೆಯೆತ್ತಿ ನಿಂತಿತು. ಇಂದಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿರುವ ಕೆರೆಗಳೂ ಇದೇ ಸುಲ್ತಾನನ ಆಳ್ವಿಕೆಯ ಕೊಡುಗೆ. ಮಳೆ ಕಡಿಮೆಯಿರುವ ಈ ನಾಡಿನಲ್ಲಿ ಕೆರೆ ಕಟ್ಟಲು ಬೇಕಾದದ್ದು ಹಣ ಮಾತ್ರವಲ್ಲ. ಶತ್ರು ಬಂದು ಒಡ್ಡು ಒಡೆಯುವ ಭಯವಿಲ್ಲದ ಕಾಲವೂ ಬೇಕು.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಉತ್ತರದಲ್ಲಿ ಬಿಡುವು ದೊರೆತ ಸೇನೆಯನ್ನು ಬಿಜಾಪುರ ದಕ್ಷಿಣಕ್ಕೆ ತಿರುಗಿಸಿತು. ರಣದುಲ್ಲಾ ಖಾನನ ದಂಡು ಇಕ್ಕೇರಿಯ ಮೇಲೆ ಎರಗಿತು. 1638ರಲ್ಲಿ ಕೆಂಪೇಗೌಡರ ಬೆಂಗಳೂರನ್ನು ವಶಪಡಿಸಿಕೊಂಡಿತು. ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರು ಅದನ್ನು ಹಿಮ್ಮೆಟ್ಟಿಸಿದರು. ಉತ್ತರದ ಬಲಶಾಲಿಯಿಂದ ತಾನು ಬಯಸಿದ ನ್ಯಾಯವನ್ನು ಬಿಜಾಪುರ ದಕ್ಷಿಣದ ನಾಯಕರಿಗೆ ಕೊಡಲಿಲ್ಲ. ಗೋಳಗುಮ್ಮಟದ ಕಲ್ಲುಗಳಲ್ಲಿ ಸಂಧಿಯ ಉಳಿತಾಯವೂ ಇದೆ, ದಕ್ಷಿಣದ ದಂಡಯಾತ್ರೆಗಳಿಂದ ಬಂದ ಸಂಪತ್ತೂ ಇದೆ.

ಮಾತು ಮುರಿದಾಗ

1656ರ ನವೆಂಬರ್‌ನಲ್ಲಿ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ. ಆಗ ದಖ್ಖನಿನ ಮೊಘಲ್ ಸುಬೇದಾರನಾಗಿದ್ದ ಔರಂಗಜೇಬ್, ಉತ್ತರಾಧಿಕಾರಿ ಎರಡನೆಯ ಅಲಿಯು ಸುಲ್ತಾನನ ಔರಸ ಪುತ್ರನಲ್ಲವೆಂಬ ನೆಪ ತೆಗೆದು ತಂದೆಯಿಂದ ಯುದ್ಧಕ್ಕೆ ಅನುಮತಿ ಪಡೆದ. 1657ರಲ್ಲಿ ಬೀದರ್, ಬಳಿಕ ಕಲ್ಯಾಣ ಮೊಘಲರ ವಶವಾದವು. ಬಿಜಾಪುರದ ಪ್ರತಿನಿಧಿಗಳು ದೆಹಲಿಯಲ್ಲಿ ನಡೆಸಿದ ಪ್ರಯತ್ನಗಳ ಫಲವಾಗಿ ಷಹಜಹಾನ್ ಯುದ್ಧ ನಿಲ್ಲಿಸಲು ಆಜ್ಞೆ ಕಳಿಸಿದ. ಕೋಟೆಗಳನ್ನೂ ಭಾರಿ ಮೊತ್ತವನ್ನೂ ಒಪ್ಪಿಸುವ ಷರತ್ತಿನ ಮೇಲೆ ರಾಜಧಾನಿ ಉಳಿಯಿತು. ಯುದ್ಧ ಕೇಳಿದವನು ರಣರಂಗದಲ್ಲಿದ್ದ ಮಗ. ತಡೆದವನು ಸಿಂಹಾಸನದಲ್ಲಿದ್ದ ತಂದೆ. ಮರುವರ್ಷ ಮಗನೇ ಸಿಂಹಾಸನ ಏರಿದ. ಅಲ್ಲಿಂದ ಮುಂದೆ ದೆಹಲಿಯಲ್ಲಿ ತಡೆಯುವವರು ಯಾರೂ ಉಳಿಯಲಿಲ್ಲ.

1665ರಲ್ಲಿ ಮಿರ್ಜಾ ರಾಜಾ ಜೈಸಿಂಗ್ ದಂಡೆತ್ತಿ ಬಂದ. ಅದೇ ವರ್ಷದ ಜೂನ್‌ನಲ್ಲಿ ಪುರಂದರ ಒಪ್ಪಂದದ ಮೂಲಕ ಆತ ಶಿವಾಜಿಯನ್ನು ಮೊಘಲರ ಪಕ್ಷಕ್ಕೆ ತಂದಿದ್ದ. ಬಿಜಾಪುರದ ಅಧಿಕಾರಿಗಳನ್ನೂ ಗುಟ್ಟಾಗಿ ಸೆಳೆಯುತ್ತಿದ್ದ. ಭೇದೋಪಾಯದಲ್ಲಿ ನಿಪುಣನಾದ ಈತ ಡಿಸೆಂಬರ್ ಕೊನೆಗೆ ಕೋಟೆಗೆ 12 ಮೈಲಿ ಸಮೀಪ ಬಂದು ನಿಂತ. ಆದರೆ ಬಿಜಾಪುರದವರು ಅಷ್ಟರಲ್ಲಿ ನಗರದ ಸುತ್ತ ಆರು ಮೈಲಿ ಪ್ರದೇಶದಲ್ಲಿ ಕೆರೆಗಳನ್ನು ಬರಿದು ಮಾಡಿ, ಬಾವಿಗಳನ್ನು ತುಂಬಿ, ಮರಗಳನ್ನು ಕಡಿದು ಹಾಕಿದ್ದರು. ಕುಡಿಯಲು ನೀರಿಲ್ಲ, ಕೋಟೆ ಒಡೆಯಲು ದೊಡ್ಡ ಫಿರಂಗಿಗಳಿಲ್ಲ. 1666ರ ಜನವರಿ 5ರಂದು ಜೈಸಿಂಗ್ ಹಿಂದಿರುಗಿದ. ನಗರ ಉಳಿಯಿತು, ತಮ್ಮ ಕೈಯಾರೆ ಕೆರೆ ಬಾವಿಗಳನ್ನು ಹಾಳುಮಾಡಿಕೊಂಡ ಸುತ್ತಲಿನ ರೈತರ ಪಾಡು ಏನಾಯಿತೆಂಬುದನ್ನು ಆಸ್ಥಾನದ ಚರಿತ್ರೆಗಳು ವಿವರಿಸುವುದಿಲ್ಲ. ಗೆದ್ದ ಯುದ್ಧಕ್ಕೂ ಬೆಲೆಯಿದೆ ಎಂಬುದನ್ನು ಅವರ ಬಾಯಿ ಮಾತ್ರ ಹೇಳಬಹುದಾಗಿತ್ತು.

ಕೋಟೆಯಿಂದ ಹೊರಟ ರಾಜಕುಮಾರಿ

1672ರಲ್ಲಿ ಎರಡನೆಯ ಅಲಿ ತೀರಿಕೊಂಡಾಗ ಮಗ ಸಿಕಂದರನಿಗೆ ನಾಲ್ಕು ವರ್ಷ. ರಾಜ್ಯಭಾರಕ್ಕಾಗಿ ದಖ್ಖನಿ ಮತ್ತು ಆಫ್ಘನ್ ಸರದಾರರು ಕಚ್ಚಾಡಿದರು. ಒಂದು ಗುಂಪು ಮೊಘಲರ ಕಡೆ, ಇನ್ನೊಂದು ಮರಾಠರ ಕಡೆ ಕೈಚಾಚಿತು. 1678ರಲ್ಲಿ ಸಿದ್ದಿ ಮಸೂದ್ ಅಧಿಕಾರ ವಹಿಸಿಕೊಳ್ಳುವಾಗ ದಿಲೇರ್ ಖಾನನೊಡನೆ ಮಾಡಿಕೊಂಡ ಒಡಂಬಡಿಕೆಯಲ್ಲಿ, ಸಿಕಂದರನ ಅಕ್ಕ ಶಹರ್ ಬಾನುವನ್ನು ಔರಂಗಜೇಬನ ಮಗನಿಗೆ ಮದುವೆ ಮಾಡಿಕೊಡುವ ಷರತ್ತು ಸೇರಿತ್ತು. ಬಿಜಾಪುರದ ಜನ ಈಕೆಯನ್ನು ಪಾದಶಾಹ್ ಬೀಬಿ ಎಂದು ಪ್ರೀತಿಯಿಂದ ಕರೆಯುತ್ತಿದ್ದರು.

ಅವಳನ್ನು ಕಳಿಸಬಾರದೆಂದು ನಗರದಲ್ಲಿ ಕೋಲಾಹಲವೆದ್ದಿತು. ದಿಲೇರ್ ಖಾನನ ಒತ್ತಾಯ ಹೆಚ್ಚಿತು. ಕೊನೆಗೆ ತಾನು ಹೋದರೆ ತಮ್ಮನ ರಾಜ್ಯವೂ ಊರೂ ಉಳಿದೀತೆಂಬ ಭರವಸೆಯಿಂದ ಆಕೆ ತಾನಾಗಿಯೇ 1679ರ ಜುಲೈ 1ರಂದು ಹುಟ್ಟಿದೂರನ್ನು ಬಿಟ್ಟು ಹೊರಟಳು. 1681ರಲ್ಲಿ ಅವಳ ವಿವಾಹ ರಾಜಕುಮಾರ ಆಜಂನೊಡನೆ ನಡೆಯಿತು. ನಾಲ್ಕು ವರ್ಷಗಳ ನಂತರ ಬಿಜಾಪುರಕ್ಕೆ ಅಂತಿಮ ಮುತ್ತಿಗೆ ಹಾಕಿದ ಸೇನೆಯ ನಾಯಕ ಅದೇ ಆಜಂ.

ಅವಳ ತ್ಯಾಗದಿಂದ ಯುದ್ಧ ನಿಲ್ಲಲಿಲ್ಲ. ದಿಲೇರ್ ಖಾನ್ ಹೊಸ ಬೇಡಿಕೆಗಳನ್ನು ಮುಂದಿಟ್ಟು ಆಗಸ್ಟ್‌ನಲ್ಲಿ ಭೀಮಾ ನದಿ ದಾಟಿದ. ಬೇರೆ ದಾರಿ ಕಾಣದೆ ಸಿದ್ದಿ ಮಸೂದ್ ಶಿವಾಜಿಗೆ ನೆರವು ಕೋರಿ ಬರೆದ. 20 ವರ್ಷಗಳ ಹಿಂದೆ, 1659ರಲ್ಲಿ, ಬಿಜಾಪುರದ ಸೇನಾನಿ ಅಫ್ಜಲ್ ಖಾನನನ್ನು ಕೊಂದಿದ್ದ ಶಿವಾಜಿಯೇ ಈಗ 10,000 ಕುದುರೆ ಸವಾರರನ್ನೂ 2,000 ಎತ್ತುಗಳ ಮೇಲೆ ಧಾನ್ಯವನ್ನೂ ಬಿಜಾಪುರದ ರಕ್ಷಣೆಗೆ ಕಳಿಸಿದ. ಮರಾಠರು ಮೊಘಲ್ ಸೀಮೆಗೆ ನುಗ್ಗಿ ದಿಲೇರ್ ಖಾನನ ಬೆನ್ನಿಗೆ ಬಿಸಿ ಮುಟ್ಟಿಸಿದರು. ಕೋಟೆ ಉಳಿದದ್ದು ಹೀಗೆ. ರಾಜ್ಯಗಳ ನಡುವೆ ಹಗೆತನವೂ ಶಾಶ್ವತವಲ್ಲ, ಸ್ನೇಹವೂ ಶಾಶ್ವತವಲ್ಲವೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಈ ನಾಡಿನ ಚರಿತ್ರೆಯಲ್ಲಿ ವಿರಳ.

ಸೋತು ಹಿಂದಿರುಗುವ ಸೇನೆ ತನ್ನ ಕೋಪವನ್ನು ತೀರಿಸಿಕೊಂಡದ್ದು ತಿಕೋಟಾದ ಮೇಲೆ. ಆಗ ದಿಲೇರ್ ಖಾನನ ಜೊತೆಯಲ್ಲಿದ್ದ ಶಿವಾಜಿಯ ಮಗ ಸಂಭಾಜಿ, ಮುಂದೆ ಅಥಣಿಯಲ್ಲಿ ಜನರನ್ನು ಮಾರಾಟ ಮಾಡುವ ಯೋಚನೆಯನ್ನು ವಿರೋಧಿಸಿದ. ಆತನ ಮಾತು ನಡೆಯಲಿಲ್ಲ. ನವೆಂಬರ್ 20ರ ರಾತ್ರಿ ಆತ ಮೊಘಲ್ ಶಿಬಿರದಿಂದ ತಪ್ಪಿಸಿಕೊಂಡು ಬಿಜಾಪುರ ಸೇರಿದ. ಅಲ್ಲಿಂದ ಪನ್ಹಾಳಕ್ಕೆ ತೆರಳಿದ. ಕ್ರೌರ್ಯವು ಯಾವ ಕೋಟೆಯನ್ನೂ ಗೆದ್ದುಕೊಡಲಿಲ್ಲ. ಇದ್ದ ಒಬ್ಬ ಪ್ರಮುಖ ಮಿತ್ರನನ್ನೂ ದೂರ ಮಾಡಿತು.

ಗೆದ್ದವನ ಸೋಲು

1685ರ ಏಪ್ರಿಲ್‌ನಲ್ಲಿ ಅಂತಿಮ ಮುತ್ತಿಗೆ ಆರಂಭವಾಯಿತು. ಮಧ್ಯದಲ್ಲಿ ಮೊಘಲ್ ಶಿಬಿರದಲ್ಲಿಯೇ ಹಸಿವು ತಾಂಡವವಾಡಿತು. ಬಿಜಾಪುರದ ಧರ್ಮಪಂಡಿತರು ಔರಂಗಜೇಬನನ್ನು ಕಂಡು, ಸ್ವಧರ್ಮೀಯರ ಮೇಲೆ ಈ ಯುದ್ಧ ಹೇಗೆ ಸರಿಯೆಂದು ಪ್ರಶ್ನಿಸಿದರೆಂದೂ, ಸಂಭಾಜಿಗೆ ಆಶ್ರಯ ಕೊಟ್ಟದ್ದೇ ಕಾರಣವೆಂದು ಆತ ಉತ್ತರಿಸಿದನೆಂದೂ ಚರಿತ್ರಕಾರರು ಹೇಳುತ್ತಾರೆ. ಆಕ್ರಮಣಕ್ಕೆ ಕಾರಣಗಳನ್ನು ಹೊಂದಿಸುವುದು ಎಂದೂ ಕಷ್ಟವಲ್ಲ. 1657ರಲ್ಲಿ ಉತ್ತರಾಧಿಕಾರ, 1679ರಲ್ಲಿ ಒಡಂಬಡಿಕೆಯ ಉಲ್ಲಂಘನೆ, 1685ರಲ್ಲಿ ಸಂಭಾಜಿ. ಕಾರಣ ಬದಲಾಯಿತು, ಗುರಿ ಬದಲಾಗಲಿಲ್ಲ.

1686ರ ಸೆಪ್ಟೆಂಬರ್ 12ರಂದು ಸಿಕಂದರ್ ಶರಣಾದ. ಕೋಟೆಯೊಳಗೆ ಆಗ ಉಳಿದಿದ್ದ ಸೈನಿಕರು ಸುಮಾರು 2,000. ಹದಿಹರೆಯದ ಸುಲ್ತಾನನಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಪಿಂಚಣಿ ನಿಗದಿಯಾಯಿತು. ಮಲಿಕ್-ಎ-ಮೈದಾನ್ ಫಿರಂಗಿಯ ಮೇಲೆ ಔರಂಗಜೇಬ್ ತನ್ನ ವಿಜಯದ ಬರಹ ಕೆತ್ತಿಸಿದ. ಇಂದಿಗೂ ಪ್ರವಾಸಿಗರು ಅದನ್ನು ಕಾಣಬಹುದು. 1700ರಲ್ಲಿ ಸಿಕಂದರ್ ಸೆರೆಯಲ್ಲಿಯೇ ತೀರಿಕೊಂಡ. ಆತನ ದೇಹವನ್ನು ಬಿಜಾಪುರಕ್ಕೆ ತಂದು ಮಣ್ಣು ಮಾಡಲಾಯಿತು.

ಗೆಲುವಿನಿಂದ ಮೊಘಲರಿಗೆ ದೊರೆತದ್ದೇನು? ಕೆಲವೇ ವರ್ಷಗಳಲ್ಲಿ ಪ್ಲೇಗ್ ಬಡಿದು ನಗರ ಬರಿದಾಯಿತು. ಮಧ್ಯದಲ್ಲಿದ್ದ ರಾಜ್ಯ ಅಳಿದುಹೋದುದರಿಂದ ಮೊಘಲರು ಮರಾಠರನ್ನು ನೇರವಾಗಿ ಎದುರಿಸಬೇಕಾಯಿತು. ಔರಂಗಜೇಬ್ ಮತ್ತೆ ಉತ್ತರಕ್ಕೆ ಮರಳಲಿಲ್ಲ. 1707ರಲ್ಲಿ ದಖ್ಖನಿನಲ್ಲಿಯೇ ಕೊನೆಯುಸಿರೆಳೆದ. 1636ರಲ್ಲಿ ತಂದೆ ಒಂದು ಒಪ್ಪಂದದಿಂದ 20 ವರ್ಷಗಳ ನೆಮ್ಮದಿ ಪಡೆದಿದ್ದ. ಮಗ ಸಂಪೂರ್ಣ ವಿಜಯದಿಂದ 20 ವರ್ಷಗಳ ಯುದ್ಧವನ್ನು ಪಡೆದ.

ಸಂಧಿ ಫಲಿಸುವುದು ಯಾವಾಗ?

ಈ ಘಟನಾವಳಿಯನ್ನು ಒಟ್ಟಾಗಿ ನೋಡಿದರೆ ಮೂರು ಅಂಶಗಳು ಎದ್ದು ಕಾಣುತ್ತವೆ. ಮೊದಲನೆಯದು, ಯುದ್ಧದ ಬೆಲೆ ಎರಡೂ ಪಕ್ಷಗಳಿಗೆ ಅರಿವಾದಾಗ ಮಾತ್ರ ಸಂಧಿ ಬಾಳುತ್ತದೆ. 1636ರಲ್ಲಿ ಬಿಜಾಪುರ ಸುಲಭವಾಗಿ ಬಗ್ಗುವುದಿಲ್ಲವೆಂಬುದು ಷಹಜಹಾನನಿಗೆ ತಿಳಿದಿತ್ತು. ರಕ್ಷಣಾ ಬಲವಿಲ್ಲದ ರಾಜತಂತ್ರ ಬೇಡಿಕೊಳ್ಳುವ ಮಟ್ಟಕ್ಕೆ ಇಳಿಯುತ್ತದೆ. ಎರಡನೆಯದು, ಮಾತನಾಡುವ ರಾಜ್ಯಕ್ಕೆ ಒಂದೇ ಧ್ವನಿ ಇರಬೇಕು. 1679ರಲ್ಲಿ ಬಿಜಾಪುರದ ಒಬ್ಬೊಬ್ಬ ಸರದಾರನೂ ಒಂದೊಂದು ಕಡೆ ಮಾತು ಕೊಟ್ಟಿದ್ದ. ಅಂಥ ಮನೆಯೊಡನೆ ಮಾಡಿಕೊಂಡ ಒಪ್ಪಂದವನ್ನು ಮುರಿಯಲು ಎದುರಾಳಿ ಹೆದರಲಿಲ್ಲ. ಮೂರನೆಯದು, ಮಾತು ಮುರಿದವನನ್ನು ಪ್ರಶ್ನಿಸುವ ಮೂರನೆಯ ಶಕ್ತಿ ಬೇಕು. ಅಂದು ಆ ಕೆಲಸ ಮಾಡಿದ್ದು ಮರಾಠರ ಕುದುರೆಗಳು.

ಯುರೋಪಿನಲ್ಲಿ 1648ರ ವೆಸ್ಟ್‌ಫಾಲಿಯಾ ಒಪ್ಪಂದಗಳ ಬಳಿಕ ರಾಜ್ಯಗಳ ಪರಸ್ಪರ ಸಾರ್ವಭೌಮತ್ವದ ಕಲ್ಪನೆ ನಿಧಾನವಾಗಿ ಬೇರೂರಿತು. 1945ರ ವಿಶ್ವಸಂಸ್ಥೆಯ ಸನ್ನದು ಅನ್ಯರಾಜ್ಯದ ಮೇಲೆ ಬಲಪ್ರಯೋಗವನ್ನು ನಿಷೇಧಿಸಿ, ಆತ್ಮರಕ್ಷಣೆಯ ಹಕ್ಕನ್ನು ಉಳಿಸಿತು. ಸ್ವತಂತ್ರ ಭಾರತವೂ ಇದೇ ಪಾಠವನ್ನು ತನ್ನ ಅನುಭವದಿಂದ ಕಲಿಯಿತು. 1954ರಲ್ಲಿ ಚೀನಾದೊಡನೆ ಪಂಚಶೀಲಕ್ಕೆ ಸಹಿ ಬಿದ್ದಿತು. 1962ರಲ್ಲಿ ಗಡಿಯಲ್ಲಿ ಯುದ್ಧವಾಯಿತು. ಮರುವರ್ಷ, 1963ರಲ್ಲಿ, ವಿಜಯಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಇತ್ತ 1971ರ ಗೆಲುವಿನ ನಂತರ ಭಾರತ 1972ರಲ್ಲಿ ಶಿಮ್ಲಾದಲ್ಲಿ ಮಾತುಕತೆಗೆ ಕುಳಿತಿತು. ಬಲ ಮತ್ತು ಮಾತು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಆದರೆ ಯಾವುದು ಯಾವುದರ ಸೇವಕ ಎಂಬುದು ಮುಖ್ಯ.

ದೂರದ ಯುದ್ಧವೂ ಈಗ ದೂರ ಉಳಿಯುವುದಿಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಆಕ್ರಮಣ ಮಾಡಿದಾಗ ಸೂರ್ಯಕಾಂತಿ ಎಣ್ಣೆಯ ಬೆಲೆ ಉತ್ತರ ಕರ್ನಾಟಕದ ಕಿರಾಣಿ ಅಂಗಡಿಗಳಲ್ಲಿಯೂ ಏರಿತು. ಖಾರ್ಕೀವ್‌ನಲ್ಲಿ ಓದುತ್ತಿದ್ದ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ. ಉಳಿದ ಸಾವಿರಾರು ವಿದ್ಯಾರ್ಥಿಗಳನ್ನು ನೆರೆಯ ದೇಶಗಳ ಗಡಿ ದಾಟಿಸಿ ಕರೆತಂದದ್ದು ರಾಯಭಾರ ಕಚೇರಿಗಳ ಮೂಲಕ ನಡೆದ ಆಪರೇಷನ್ ಗಂಗಾ. ರಾಜತಂತ್ರದ ಗೆಲುವಿಗೆ ಸ್ಮಾರಕಗಳು ಏಳುವುದಿಲ್ಲ. ಮನೆಗೆ ಮರಳಿದ ಮಕ್ಕಳೇ ಅದರ ಗುರುತು.

ವಿಜಯಪುರದಲ್ಲಿ ಯುದ್ಧದ ಗುರುತುಗಳಿಗೆ ಕೊರತೆಯಿಲ್ಲ. ಬುರುಜಿನ ಮೇಲೆ ಸುಮಾರು 55 ಟನ್ ತೂಕದ ಫಿರಂಗಿ ಇದೆ, ಅದರ ಮೇಲೆ ಗೆದ್ದವನ ಹೆಸರಿದೆ. ತಿಕೋಟಾದ ಬಾವಿಗಳಲ್ಲಿ ಮಕ್ಕಳೊಡನೆ ಮುಳುಗಿದ ತಾಯಂದಿರ ಹೆಸರು ಎಲ್ಲಿಯೂ ಇಲ್ಲ. ಸಂಧಿಯೋ ಸಮರವೋ ಎಂದು ಆಸ್ಥಾನಗಳು ತೀರ್ಮಾನಿಸುವಾಗ ತಕ್ಕಡಿಯಲ್ಲಿ ಇಡಬೇಕಾದ ತೂಕ ಅವರದು.